ಬುಡವಿಲ್ಲದ ಅಣಬೆ

"ತಿನ್ನು," ಅಂದ ಗೂಳಿ.

ಪಕ್ಕೆಗೆ ಒತ್ತಿದ ಚಾಕು. ಮುಂದೆ ತಟ್ಟೆ. ತಟ್ಟೆಯಲ್ಲಿ ಬೆಣ್ಣೆ ಹಾಕಿ ಹುರಿದ ಅಣಬೆ... ಘಮ್ಮೆನ್ನುತ್ತಿತ್ತು.

ಎದುರಿಗೆ ಸ್ಟ್ಯಾಂಡಿನ ಮೇಲೊಂದು ಮೊಬೈಲ್. ನಾನು ತಿನ್ನುವುದನ್ನು ಅದು ರೆಕಾರ್ಡ್ ಮಾಡಬೇಕಂತೆ. ಅದರ ಹಿಂದೆ ಕುಶನ್‌ಗಳ ಮೇಲೆ ಸಾಲಾಗಿ ಕೂತ ಹತ್ತು ಹನ್ನೆರಡು ಜನ. ಓದಿದವರು, ದುಡಿದವರು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವರು. ಗೂಳಿ ಹೊದ್ದ ಶಾಲಿನ ಮರೆಯಲ್ಲಿ ಚಾಕು ಇರುವುದು ಅವರಿಗೆ ಕಾಣುತ್ತಿರಲಿಲ್ಲ. ಹೊಸಬ, ಪಾಪ, ಹೆದರುತ್ತಿದ್ದಾನೆ ಅಂದುಕೊಂಡು ನನ್ನತ್ತ ನಗುತ್ತಿದ್ದರು.

ನನ್ನನ್ನು ಕೊಲ್ಲಲು ಎಷ್ಟೋ ಜನ ಬಂದಿದ್ದಾರೆ. ರಾಡು ಹಿಡಿದು ಬಂದಿದ್ದಾರೆ, ಲಾರಿ ಹತ್ತಿಸಲು ಬಂದಿದ್ದಾರೆ. ಚಮಚ, ಟಿಶ್ಯೂ ಪೇಪರ್ ಸಮೇತ ಬಂದವರು ಇವರೇ ಮೊದಲು. ಅದೂ ತಾವು ಕೊಲ್ಲುತ್ತಿದ್ದೇವೆ ಅನ್ನುವುದೇ ಗೊತ್ತಿಲ್ಲದೆ!

ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಅಗಲವಾಗಿ ನಗುತ್ತಿದ್ದವನು ನನ್ನ ಭಾವ. ಅಕ್ಕನ ಗಂಡ. ಅವನು ಆಗಲೇ ಅರ್ಧ ಸತ್ತಿದ್ದ. ಆ ವಿಷಯ ಆ ಹಾಲ್‌ನಲ್ಲಿ ಗೊತ್ತಿದ್ದದ್ದು ನನ್ನೊಬ್ಬನಿಗೇ.

ಹೇಗೆ ಬಂದೆ ಅಂತ ಹೇಳಿಬಿಡುತ್ತೇನೆ, ಕೇಳಿ.

ನನ್ನ ಕೆಲಸ ಸುಲಭ. ಮನೆ ಬಿಟ್ಟು ಹೋದವರನ್ನು ಹುಡುಕಿ ಮನೆಗೆ ತಂದು ಬಿಸಾಕುವುದು. ಇಸ್ಪೀಟಿನ ಅಡ್ಡೆಯಿಂದ ತಂದಿದ್ದೇನೆ, ಇನ್ನೊಬ್ಬಳ ಮಂಚದ ಕೆಳಗಿನಿಂದ ತಂದಿದ್ದೇನೆ. ಅದಕ್ಕೂ ಮೊದಲು ಒಂದು ಇನ್ಶೂರೆನ್ಸ್ ಕಂಪನಿಗೆ ಸಾವುಗಳ ತನಿಖೆ ಮಾಡುತ್ತಿದ್ದೆ. ಎರಡರಲ್ಲೂ ಕಲಿತದ್ದು ಒಂದೇ. ಮನುಷ್ಯ ತನಗೆ ತಾನೇ ಕಿವಿಗೆ ಹೂ ಇಟ್ಟುಕೊಳ್ಳುವಷ್ಟು ಚೆನ್ನಾಗಿ ಇನ್ಯಾರೂ ಇಡಲಾರರು.

ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ದಳು. ಭಾವ ಆಫೀಸಿನ ಟ್ರೈನಿಂಗ್ ಅಂತ ಹೇಳಿ ಹೋದವನು ಟ್ರೈನಿಂಗ್‌ಗೆ ಹೋಗಿಲ್ಲವಂತೆ. ಬೆಟ್ಟದ ಮೇಲೆ, ಮುಚ್ಚಿಹೋದ ಬಟ್ಟೆ ಮಿಲ್ಲಿನ ಗೆಸ್ಟ್‌ಹೌಸಿನಲ್ಲಿ ಯಾವುದೋ ಕ್ಯಾಂಪ್ ಸೇರಿದ್ದಾನಂತೆ. ಕಾಡಿನ ಗಿಡ, ಬೇರು, ಅಣಬೆ ತಿಂದು ಮನಸ್ಸಿನ ಬಾಗಿಲು ತೆರೆಯುವ ಕ್ಯಾಂಪ್. ಮೊದಲ ವಾರ ಯಾವುದೋ ಬೀಜ ಅರೆದು ಕುಡಿಸಿದ್ದರಂತೆ. ಒಬ್ಬ ಬ್ಯಾಂಕ್ ಮ್ಯಾನೇಜರ್ ಇಡೀ ಮಧ್ಯಾಹ್ನ ಬಟ್ಟೆ ಹ್ಯಾಂಗರ್ ಜೊತೆ ಮಾತಾಡಿದನಂತೆ. ಹ್ಯಾಂಗರ್ ಒಳ್ಳೊಳ್ಳೆ ಸಲಹೆ ಕೊಟ್ಟಿತು ಅಂತ ಭಾವ ಹೆಮ್ಮೆಯಿಂದ ಹೇಳಿದನಂತೆ.

ನನ್ನ ಭಾವ ನೀರು ಸರಬರಾಜು ಇಲಾಖೆಯಲ್ಲಿ ಇಂಜಿನಿಯರ್. ಬಿಸ್ಕತ್ ಪ್ಯಾಕೆಟ್ ಕೊಂಡರೆ ಎಕ್ಸ್‌ಪೈರಿ ಡೇಟನ್ನು ಎರಡು ಸಲ ಓದುವ ಪ್ರಾಣಿ. ಅಕ್ಕ ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೆ ಬಿಪಿ ಮಿಷನ್ ತಂದು ಊಟದ ಮೇಜಿನ ಮೇಲೆ ಇಡುತ್ತಾನೆ. ಅಂಥವನು ಗುರುತು ಪರಿಚಯ ಇಲ್ಲದವನ ಕೈಯಿಂದ, ಹೆಸರೇ ಗೊತ್ತಿಲ್ಲದ ಅಣಬೆಯನ್ನು ಗುಳುಂ ಮಾಡಿದ್ದ. ಭಾವನನ್ನು ಕಂಡರೆ ನನಗೆ ಆಗುವುದಿಲ್ಲ. ಸುಳ್ಳು ಯಾಕೆ ಹೇಳಲಿ. ಆದರೆ ಅಕ್ಕ ನನ್ನನ್ನು ಸಾಕಿದವಳು. ಅವಳು ಕೇಳಿದರೆ ನರಕಕ್ಕೂ ಹೋಗಿ ಅವಳ ಗಂಡನನ್ನು ಎಳೆದುಕೊಂಡು ಬರುತ್ತೇನೆ.

"ನಿನ್ನೆ ಹೊತ್ತು ಮುಳುಗೋವರೆಗೂ ವಾಂತಿ ಆಯ್ತಂತೆ. ಇವತ್ತು ಎಲ್ಲಾ ಸರಿ ಹೋಗಿದೆಯಂತೆ," ಅಂದಳು ಅಕ್ಕ. "ಆದ್ರೆ ಇವರ ದನಿ ಯಾಕೋ ಸರಿಯಿಲ್ಲ ಕಣೋ. ತುಂಬಾ ಸಂತೋಷವಾಗಿದಾರೆ. ಮದುವೆ ಆದಾಗಿಂದ ಇಷ್ಟು ಸಂತೋಷವಾಗಿದ್ದಿಲ್ಲ. ಹೋಗಿ ಕರ್ಕೊಂಡು ಬಾ."

ಹೋದೆ.

ನೀರಿನ ಟ್ಯಾಂಕ್ ತೊಳೆಯುವವನು ಅಂತ ಹೇಳಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗಿದೆ. ಬಕೆಟ್, ಬ್ರಷ್ ಹಿಡಿದವನ ಮುಖ ಯಾರೂ ನೋಡುವುದಿಲ್ಲ. ಮಿಲ್ಲಿನ ಸಾಹೇಬರು ಒಂದು ಕಾಲಕ್ಕೆ ಬಿಲಿಯರ್ಡ್ಸ್ ಆಡುತ್ತಿದ್ದ ರೂಮನ್ನು ಅಣಬೆ ಒಣಗಿಸುವ ರೂಮು ಮಾಡಿಕೊಂಡಿದ್ದರು. ಹಸಿರು ಬಟ್ಟೆಯ ಮೇಜಿನ ಮೇಲೆ ಸಾಲು ಸಾಲು ತಟ್ಟೆ. ಮೂಲೆಯಲ್ಲಿ ಟೇಬಲ್ ಫ್ಯಾನ್ ಗರ್ ಅನ್ನುತ್ತಿತ್ತು.

ತಟ್ಟೆಯಲ್ಲಿದ್ದ ಅಣಬೆಗಳು ನೋಡಲು ಚೆಂದ. ತೆಳು ಹಸಿರು ಬಣ್ಣದ ಕೊಡೆ, ಬಿಳಿ ಕಾಂಡ. ಒಂದನ್ನು ಕೈಗೆ ತೆಗೆದುಕೊಂಡೆ. ಇನ್ನೊಂದನ್ನು ತೆಗೆದುಕೊಂಡೆ. ಮತ್ತೊಂದನ್ನು...

ಒಂದಕ್ಕೂ ಬುಡ ಇರಲಿಲ್ಲ!

ಎಲ್ಲವನ್ನೂ ನೆಲದ ಮೇಲಿನಿಂದ ನೀಟಾಗಿ ಕತ್ತರಿಸಿದ್ದರು. ಅಷ್ಟರಲ್ಲಿ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡ ಒಬ್ಬ ಟೀಚರ್ ಹೆಂಗಸು ತಟ್ಟೆ ತಿರುವಿ ಹಾಕಲು ಬಂದಳು. ಇದ್ಯಾಕಮ್ಮ ಹೀಗೆ ಅಂತ ಪೆದ್ದನ ಹಾಗೆ ಕೇಳಿದೆ. ಆಕೆ ಕಣ್ಣರಳಿಸಿ ವಿವರಿಸಿದಳು. ಕ್ಯಾಂಪಿನ ಮೊದಲ ನಿಯಮವೇ ಅದಂತೆ. ಯಾವ ಗಿಡವನ್ನೂ ಬುಡಸಹಿತ ಕೀಳಬಾರದು. ಮಣ್ಣು ತಾಯಿ, ಅವಳ ಹೊಟ್ಟೆಗೆ ಕೈ ಹಾಕಬಾರದು. ಮೂಳೆಯ ಚಾಕುವಿನಲ್ಲಿ ನಯವಾಗಿ ಕೊಯ್ದು, ಕ್ಷಮಿಸು ಅಂತ ಹೇಳಿ, ಮೇಲೆ ಎಲೆ ಮುಚ್ಚಿ ಬರಬೇಕು.

ಗುರುತು ಹಿಡಿಯುವುದು ಹೇಗೆ ಅಂತ ಕೇಳಿದೆ. ಅದನ್ನೂ ಹೇಳಿದಳು. ಫೋನಿನಲ್ಲಿ ಆ್ಯಪ್ ಇದೆಯಂತೆ. ಅಣಬೆಯ ಮೇಲಿನಿಂದ ಒಂದು ಫೋಟೋ ತೆಗೆದರೆ ಹೆಸರು ಹೇಳುತ್ತದಂತೆ. ಈ ಅಣಬೆಗೆ ನೂರಕ್ಕೆ ತೊಂಬತ್ತಾರು ಅಂಕ ಕೊಟ್ಟಿತಂತೆ. ಉಳಿದ ನಾಲ್ಕು ಅಂಕವನ್ನು ದಾರಿಯಣ್ಣ ಕಣ್ಣು ಮುಚ್ಚಿ, ಅಣಬೆಯನ್ನು ಹಣೆಗೆ ಒತ್ತಿಕೊಂಡು ತುಂಬಿದರಂತೆ.

ದಾರಿಯಣ್ಣ ಅಂದರೆ ಈ ಕ್ಯಾಂಪಿನ ಯಜಮಾನ. ಅವನ ಜಾತಕವನ್ನು ನಾನು ಬರುವ ದಾರಿಯಲ್ಲೇ ಫೋನಿನಲ್ಲಿ ಬಿಡಿಸಿದ್ದೆ. ಹಿಂದೆ ಮನೆ ಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುತ್ತಿದ್ದವನು. ನೀರು ಶುದ್ಧ ಮಾಡುವುದರಲ್ಲಿ ಬರಕತ್ತಾಗದೆ ಜನರನ್ನೇ ಶುದ್ಧ ಮಾಡಲು ಹೊರಟಿದ್ದ.

ನನಗೆ ಅಣಬೆಯ ಬಗ್ಗೆ ದೊಡ್ಡ ಜ್ಞಾನವೇನಿಲ್ಲ. ಗೊತ್ತಿರುವುದು ಒಂದು ಮನೆಯ ಕತೆ. ಇನ್ಶೂರೆನ್ಸ್ ಕೆಲಸದಲ್ಲಿದ್ದಾಗ ಒಂದೇ ಮನೆಯಲ್ಲಿ ತಾಯಿ, ಮಗ, ಸೊಸೆ ಸಾಲಾಗಿ ಸತ್ತಿದ್ದರು. ಊಟಕ್ಕೆ ಕೂರದ ಅಳಿಯನ ಮೇಲೆ ಕಂಪನಿಗೆ ಅನುಮಾನ. ನಾನು ಅಳಿಯನನ್ನು ಅರೆದು ಬಿಟ್ಟೆ. ಆಮೇಲೆ ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು, ಕೊಂದದ್ದು ಅಳಿಯನಲ್ಲ, ಕಾಡಿನಿಂದ ತಂದ ಅಣಬೆ ಅಂತ. ಅದರ ಕೊಡೆ ನೋಡಿದರೆ ಎಂಥವನೂ ಮೋಸ ಹೋಗುತ್ತಾನೆ. ಮಣ್ಣು ಕೆದಕಿದರೆ ಬುಡದಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚೀಲ ಇರುತ್ತದೆ. ಚೀಲ ಕಂಡರೆ ಕೈ ತೊಳೆದುಕೊಂಡು ದೂರ ಹೋಗು ಅಂದರು. ಕಾಣದಿದ್ದರೂ ನಂಬಬೇಡ ಅಂದರು.

ಇನ್ನೊಂದು ಮಾತೂ ಹೇಳಿದ್ದರು. ತಿಂದ ತಕ್ಷಣ ಏನೂ ಆಗುವುದಿಲ್ಲ. ಅರ್ಧ ದಿನ ಕಳೆದ ಮೇಲೆ ವಾಂತಿ, ಭೇದಿ. ಆಮೇಲೆ ಎಲ್ಲ ನಿಂತುಹೋಗುತ್ತದೆ. ಮನುಷ್ಯ ಎದ್ದು ಕೂತು ಕಾಫಿ ಕೇಳುತ್ತಾನೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆ ಒಂದು ಒಳ್ಳೆಯ ದಿನದಲ್ಲೇ ಒಳಗೊಳಗೆ ಲಿವರ್ ಸಾಯುತ್ತಿರುತ್ತದೆ.

*ಇವತ್ತು ಎಲ್ಲಾ ಸರಿ ಹೋಗಿದೆಯಂತೆ... ತುಂಬಾ ಸಂತೋಷವಾಗಿದಾರೆ...*



ಬಕೆಟ್ ಅಲ್ಲೇ ಬಿಟ್ಟು ಹಿತ್ತಲ ಮರಗಳ ಕಡೆ ಓಡಿದೆ. ಎಲೆ ಮುಚ್ಚಿದ ಗುಡ್ಡೆಗಳು ಅಲ್ಲಲ್ಲಿ ಕಂಡವು. ಒಂದರ ಎಲೆ ಸರಿಸಿ, ಕೊಯ್ದ ತುಂಡಿನ ಸುತ್ತ ಬೆರಳು ಹಾಕಿ ಮಣ್ಣು ಬಗೆದೆ. ತುಂಡು ಮೇಲೆ ಬಂತು. ಬುಡದಲ್ಲಿ ಬಿಳಿ ಚೀಲ. ಒಡೆದ ಮೊಟ್ಟೆಯ ಸಿಪ್ಪೆಯೇ ಸೈ!

ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ತಿರುಗಿದೆ. ಎದುರಿಗೆ ಒಂದು ಗೋಡೆ ನಿಂತಿತ್ತು. ಅದಕ್ಕೆ ಶಾಲು ಹೊದಿಸಿದ್ದರು.

ಅವನೇ ಗೂಳಿ. ದಾರಿಯಣ್ಣನ ಬಲಗೈ. ಕತ್ತು ಅನ್ನುವ ಅಂಗವನ್ನು ದೇವರು ಅವನಿಗೆ ಕೊಟ್ಟೇ ಇರಲಿಲ್ಲ. ಬುದ್ಧಿಯನ್ನೂ ಅಷ್ಟೆ.

ಈಗ ಮತ್ತೆ ತಟ್ಟೆಗೆ ಬರೋಣ.

ದಾರಿಯಣ್ಣ ನನ್ನ ಎದುರಿಗೇ ಕೂತಿದ್ದ. ಬರಿಗಾಲು, ಆದರೆ ಉಗುರು ತಿದ್ದಿಸಿದ ಬರಿಗಾಲು. ಇಲ್ಲಿಗೆ ಬಂದವರೆಲ್ಲ ತಿನ್ನಲೇಬೇಕು, ತಿನ್ನುವುದು ರೆಕಾರ್ಡ್ ಆಗಲೇಬೇಕು ಅಂತ ಜೇನಿನಂಥ ದನಿಯಲ್ಲಿ ಹೇಳಿದ. ಲೆಕ್ಕಾಚಾರ ನನಗೆ ಅರ್ಥವಾಯಿತು. ತಿಂದ ವಿಡಿಯೋ ಇದ್ದರೆ ಯಾವನೂ ಪೊಲೀಸರ ಹತ್ತಿರ ಹೋಗುವುದಿಲ್ಲ. ಮಾನ ಹೋಗುವ ಹೆದರಿಕೆಯ ಮುಂದೆ ಪ್ರಾಣ ಹೋಗುವ ಹೆದರಿಕೆ ಚಿಕ್ಕದು, ಈ ಇಸ್ತ್ರಿ ಬಟ್ಟೆಯವರಿಗೆ.

ನಾನು ಜೇಬಿನಿಂದ ಕರ್ಚೀಫ್ ತೆಗೆದು ಬಿಚ್ಚಿದೆ. ಇದು ನೀವು ಮಣ್ಣಿನಲ್ಲಿ ಬಿಟ್ಟುಬಂದ ಭಾಗ, ಇದು ವಿಷ, ನನ್ನ ಭಾವ ತಿಂದಿದ್ದಾನೆ, ಅವನನ್ನು ಈಗಲೇ ಆಸ್ಪತ್ರೆಗೆ ಸೇರಿಸದಿದ್ದರೆ ಸಾಯುತ್ತಾನೆ ಅಂತ ಬಿಡಿಸಿ ಬಿಡಿಸಿ ಹೇಳಿದೆ.

ಟೀಚರ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಪಕ್ಕದವನ ಕಣ್ಣಲ್ಲಿ ನೀರು ಬಂತು. ಅಬ್ಬ, ಕೊನೆಗೂ ತಲೆಗೆ ಹೋಯಿತು ಅಂದುಕೊಂಡೆ.

"ಮಣ್ಣಿಂದ ಕಿತ್ತಿದಾನೆ," ಅಂದಳು ಟೀಚರ್, ನಡುಗುವ ದನಿಯಲ್ಲಿ. "ಬುಡ ಸಮೇತ ಕಿತ್ತಿದಾನೆ."

ಎಲ್ಲರೂ ಲೊಚಗುಟ್ಟಿದರು. ಇಂಥವರ ಜೊತೆ ಏನು ಮಾತಾಡುತ್ತೀರಿ ಹೇಳಿ. ಕರ್ಚೀಫನ್ನು ಸುತ್ತಿ ಮತ್ತೆ ಜೇಬಿಗೆ ಹಾಕಿಕೊಂಡೆ.

ಭಾವ ಎದ್ದು ನಿಂತ. ಮುಖ ಫಳಫಳ ಹೊಳೆಯುತ್ತಿತ್ತು. "ಇವನು ನನ್ನ ಭಾವಮೈದ. ಮೊದಲಿಂದಲೂ ಹೀಗೇ, ಎಲ್ಲದರಲ್ಲೂ ಹುಳುಕು ಹುಡುಕ್ತಾನೆ," ಅಂತ ಎಲ್ಲರಿಗೂ ಪರಿಚಯ ಮಾಡಿಸಿದ. ಮೊನ್ನೆ ಮಧ್ಯಾಹ್ನ ಎಲ್ಲರಿಗಿಂತ ಮೊದಲು ತಿಂದವನು ತಾನೇ, ಒಳಗಿದ್ದ ಕೊಳೆಯೆಲ್ಲ ನಿನ್ನೆ ಹೊರಗೆ ಹೋಯಿತು, ಈಗ ಮೈ ಹತ್ತಿಯಷ್ಟು ಹಗುರ ಅಂತ ಕೈಯೆತ್ತಿ ತೋರಿಸಿದ. ಅವನ ಮಾತು ಕೇಳಿ ಉಳಿದವರು ಪಕ್ಕದ ಸ್ಟವ್ ಮೇಲಿದ್ದ ಬಾಣಲೆಯ ಕಡೆ ಆಸೆಯಿಂದ ನೋಡಿದರು. ಅವತ್ತು ಅವರೆಲ್ಲರ ಸರದಿ.

ಗೂಳಿಯ ಚಾಕು ಅಂಗಿ ದಾಟಿ ಚರ್ಮ ಮುಟ್ಟಿತು.

ಆಗ ನನ್ನ ಕಣ್ಣು ದಾರಿಯಣ್ಣನ ಪಕ್ಕದ ಪುಟ್ಟ ಬಟ್ಟಲಿನ ಮೇಲೆ ಬಿತ್ತು. ಅದರಲ್ಲೂ ಅಣಬೆ. ಆದರೆ ದುಂಡನೆ ಬಿಳಿ ಅಣಬೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವ ಮಾಮೂಲಿ ಅಣಬೆ. ಕಳ್ಳ ನನ್ನ ಮಗ!

"ತಿಂತೀನಿ," ಅಂದೆ. "ಆದ್ರೆ ಯಜಮಾನ್ರು ಇದೇ ತಟ್ಟೆಯಿಂದ ಮೊದಲು ತಿನ್ಲಿ. ಅವರ ಬಟ್ಟಲು ಯಾಕೆ ಬೇರೆ?"

ಇಷ್ಟು ದಿನ ಆ ಬಟ್ಟಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಎಲ್ಲರ ಕಣ್ಣೂ ಅದರ ಮೇಲೆ. ದಾರಿಯಣ್ಣ ತನ್ನ ದೇಹ ಬೇರೆ ಹಂತದಲ್ಲಿದೆ ಅಂತ ಏನೇನೋ ಶುರು ಮಾಡಿದ. ಆದರೆ ಟೀಚರ್ ಬಿಡಬೇಕಲ್ಲ. ಒಂದೇ ಒಂದು ತುತ್ತು ನಮ್ಮ ಜೊತೆ ತಿನ್ನಿ, ನಮಗೂ ಧೈರ್ಯ ಬರುತ್ತದೆ ಅಂತ ಕೈ ಜೋಡಿಸಿದಳು. ಉಳಿದವರೂ ಕೈ ಜೋಡಿಸಿದರು. ಭಕ್ತಿಗೆ ಸಿಕ್ಕಿಬಿದ್ದವನಿಗೆ ಬಿಡುಗಡೆ ಇಲ್ಲ ನೋಡಿ.

ಅವನು ನನ್ನ ಮುಖ ನೋಡಿದ. ಮೊಬೈಲ್ ನೋಡಿದ. ಹಾಳಾದವನು ಎಲ್ಲ ಸುಳ್ಳುಗಳನ್ನೂ ಜನರಿಗೆ ಮಾರಿದ್ದ, ಆದರೆ ಆ ತೊಂಬತ್ತಾರು ಅಂಕವನ್ನು ತಾನೇ ನಂಬಿದ್ದ. ಸತ್ತುಹೋಗುವ ಭಯ ಅವನಿಗಿರಲಿಲ್ಲ. ಜನರೆದುರು ಹ್ಯಾಂಗರ್ ಜೊತೆ ಮಾತಾಡಬೇಕಾದೀತು ಅನ್ನುವ ಭಯ ಮಾತ್ರ ಇತ್ತು.

"ತಿನ್ಬೇಡ," ಅಂದೆ. ಬೇಕಾದರೆ ರೆಕಾರ್ಡಿಂಗ್ ಹಾಕಿ ನೋಡಿ, ಅದರಲ್ಲಿದೆ.

ಅವನು ನಕ್ಕು, ನನ್ನ ತಟ್ಟೆಗೆ ಕೈ ಹಾಕಿ, ಒಂದಲ್ಲ, ಐದಾರು ಹೋಳು ಬಾಯಿಗೆ ತುಂಬಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಗೂಳಿಯೂ ತಟ್ಟಿದ. ಚಪ್ಪಾಳೆಗೆ ಎರಡು ಕೈ ಬೇಕು ಅನ್ನುವುದು ಅವನಿಗೆ ಹೊಳೆಯಲಿಲ್ಲ. ಚಾಕು ನೆಲಕ್ಕೆ ಬಿತ್ತು.

ಅಷ್ಟು ಸಾಕಾಯಿತು.

ತಟ್ಟೆಯನ್ನು ಗೂಳಿಯ ಮುಖಕ್ಕೆ ಬಾರಿಸಿದೆ. ಕಾಲಿನಿಂದ ಸ್ಟವ್ ಮೇಲಿನ ಬಾಣಲೆಯನ್ನು ಒದ್ದೆ. ಇಡೀ ಕ್ಯಾಂಪಿನ ಜ್ಞಾನೋದಯ ನೆಲದ ಪಾಲಾಯಿತು. ಟೀಚರ್ ಕಿರುಚಿದಳು. ನಾನು ಭಾವನ ಕಾಲರ್ ಹಿಡಿದು, ಅಡುಗೆಮನೆ ಬಾಗಿಲಿನಿಂದ ದರದರ ಎಳೆದುಕೊಂಡು ಓಡಿದೆ.

ಸಾಯುತ್ತಿರುವವನನ್ನು ಎತ್ತಿಕೊಂಡು ಓಡುವುದು ಕಷ್ಟವಲ್ಲ. ಸಂತೋಷವಾಗಿರುವವನನ್ನು ಎಳೆದುಕೊಂಡು ಓಡುವುದು ಕಷ್ಟ. ಭಾವ ಬಾಗಿಲ ಚೌಕಟ್ಟು ಹಿಡಿದುಕೊಂಡ, ಕಂಬ ಹಿಡಿದುಕೊಂಡ, ನನ್ನ ಕೈ ಕಚ್ಚಿದ. ಜಪ್ಪಯ್ಯ ಅಂದರೂ ಬರಲೊಲ್ಲ. ಕೊನೆಗೆ ಹೊತ್ತು ತಂದು, ಹಿತ್ತಲಲ್ಲಿ ನಿಲ್ಲಿಸಿದ್ದ ನನ್ನ ಕಾರಿನೊಳಗೆ ತುರುಕಿದೆ.

ಗೇಟು ದಾಟುವಷ್ಟರಲ್ಲಿ ಹಿಂದೆ ಜೀಪಿನ ಸದ್ದು. ಮುಖಕ್ಕೆಲ್ಲ ಬೆಣ್ಣೆ ಮೆತ್ತಿಕೊಂಡ ಗೂಳಿ!

ಇಳಿಜಾರಿನ ರಸ್ತೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಭಾವನ ಬೆಲ್ಟು. ಅವನು ತಿರುವಿಗೊಂದು ಸಲ ಬಾಗಿಲು ತೆಗೆದು ಹಾರಲು ನೋಡುತ್ತಿದ್ದ. ನಡುವೆ ನನಗೆ ಉಪದೇಶ ಬೇರೆ. ನನ್ನೊಳಗೆ ತುಂಬಾ ಕೋಪ ಇದೆಯಂತೆ. ಅದನ್ನು ಬಿಟ್ಟುಕೊಡಬೇಕಂತೆ.

"ಭಾವ, ಬಾಗಿಲು ಹಾಕಿ."

"ನಾನು ಸುಖವಾಗಿದೀನಿ ಅಂತ ನಿನಗೆ ಹೊಟ್ಟೆಕಿಚ್ಚು."

"ಹೌದು ಭಾವ. ಬಾಗಿಲು ಹಾಕಿ."

ಜೀಪು ಹಿಂದಿನಿಂದ ಗುದ್ದಿತು. ಹಿಂದಿನ ಗಾಜು ಪುಡಿಯಾಯಿತು. ಮತ್ತೊಂದು ಗುದ್ದಿಗೆ ಕಾರಿನ ಒಂದು ಚಕ್ರ ರಸ್ತೆಯ ಅಂಚು ಬಿಟ್ಟು ಗಾಳಿಯಲ್ಲಿ ತಿರುಗಿ ವಾಪಸ್ ಬಂತು. ಆಗ ಭಾವ ಮೊದಲ ಸಲ ಸುಮ್ಮನಾದ.

ಮುಂದಿನ ತಿರುವಿನಲ್ಲಿ ರಸ್ತೆಗೆ ಟಾರು ಹಾಕುತ್ತಿದ್ದರು. ಹೊಗೆಯಾಡುವ ಹೊಚ್ಚಹೊಸ ಟಾರು, ಪಕ್ಕದಲ್ಲಿ ರೋಲರು, ಸನಿಕೆ ಹಿಡಿದ ಇಪ್ಪತ್ತು ಜನ. ಕೆಂಪು ಬಾವುಟದವನು ಎರಡೂ ಕೈ ಬೀಸಿದ. ನಾನು ನಿಲ್ಲಿಸಲಿಲ್ಲ. ಬೆಳಗಿನಿಂದ ಬೆನ್ನು ಮುರಿದು ಹಾಕಿದ್ದ ಟಾರಿನ ಮೇಲೆ ಪಚಪಚ ಅಂತ ಓಡಿಸಿಕೊಂಡು ದಾಟಿಬಿಟ್ಟೆ. ಕಿಟಕಿಯಿಂದ ಬಂದ ಬೈಗುಳದಲ್ಲಿ ನನ್ನ ಮೂರು ತಲೆಮಾರು ಇತ್ತು.

ಕನ್ನಡಿಯಲ್ಲಿ ನೋಡಿದೆ. ರೋಲರನ್ನು ತಂದು ರಸ್ತೆಗೆ ಅಡ್ಡ ನಿಲ್ಲಿಸಿದ್ದರು. ಇನ್ನೊಬ್ಬನನ್ನು ಬಿಡುವುದಿಲ್ಲ ಅಂತ ತೀರ್ಮಾನಿಸಿದ್ದರು ಅಂತ ಕಾಣುತ್ತದೆ. ಗೂಳಿ ಜೀಪಿನಿಂದ ಇಳಿದು, ಸೊಂಟದಿಂದ ಚಾಕು ತೆಗೆದ. ಇಪ್ಪತ್ತು ಸನಿಕೆ ಒಟ್ಟಿಗೆ ಮೇಲೆದ್ದವು. ಮುಂದಿನದನ್ನು ನೋಡಲು ನನಗೆ ಪುರುಸೊತ್ತಿರಲಿಲ್ಲ.

ಪೊಲೀಸರಿಗೆ ಕಾರಿನಿಂದಲೇ ಫೋನ್ ಮಾಡಿ ಗೆಸ್ಟ್‌ಹೌಸಿನ ವಿಷಯ ತಿಳಿಸಿದೆ. ಬಿಲಿಯರ್ಡ್ಸ್ ರೂಮಿನ ತಟ್ಟೆಗಳನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ, ತಿಂದವರಿದ್ದರೆ ಹಿಡಿದು ತನ್ನಿ ಅಂದೆ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಒಬ್ಬ ಡಾಕ್ಟರಮ್ಮ ನಿಂತುಕೊಂಡೇ ಬನ್ ತಿನ್ನುತ್ತಿದ್ದಳು. ಭಾವ ತಾನಾಗಿಯೇ ನಡೆದುಕೊಂಡು ಹೋಗಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ತನಗೇನೂ ಆಗಿಲ್ಲ, ತಲೆ ಕೆಟ್ಟಿರುವುದು ಈ ಹುಡುಗನಿಗೆ, ಸಾಧ್ಯವಾದರೆ ಇವನನ್ನೇ ಅಡ್ಮಿಟ್ ಮಾಡಿಕೊಳ್ಳಿ ಅಂದ. ಆಕೆ ನಾಡಿ ನೋಡಿದಳು, ಬಿಪಿ ನೋಡಿದಳು. ಎರಡೂ ಸರಿ. ಬಾಗಿಲಲ್ಲಿ ರಕ್ತ ಸುರಿಸಿಕೊಂಡು ಬಂದವರು ಕಾಯುತ್ತಿದ್ದರು. ನನ್ನನ್ನು ಹೋಗಯ್ಯಾ ಅನ್ನುವ ಹಾಗೆ ನೋಡಿದಳು.

ನಾನು ಕರ್ಚೀಫ್ ಬಿಚ್ಚಿ ಮೇಜಿನ ಮೇಲಿಟ್ಟೆ.

ಆಕೆ ಬನ್ ಕೆಳಗಿಟ್ಟಳು.

"ಯಾವಾಗ ತಿಂದಿದ್ದು?"

ಹೇಳಿದೆ. ಆಮೇಲೆ ಆ ಕೋಣೆಯಲ್ಲಿ ಯಾರೂ ನಿಧಾನವಾಗಿ ನಡೆಯಲಿಲ್ಲ. ಸೂಜಿ, ಡ್ರಿಪ್, ಫೋನು. ರಕ್ತದ ರಿಪೋರ್ಟ್ ಬಂದಾಗ ಡಾಕ್ಟರಮ್ಮ ನನ್ನನ್ನು ಗೋಡೆಯ ಪಕ್ಕಕ್ಕೆ ಕರೆದಳು. ನಲವತ್ತರ ಆಸುಪಾಸು ಇರಬೇಕಾದ ಲಿವರಿನ ಸಂಖ್ಯೆ ನಾಲ್ಕು ಸಾವಿರ ದಾಟಿತ್ತು. ಉಳಿಯಬಹುದು, ಉಳಿಯದೆಯೂ ಇರಬಹುದು, ನನಗೆ ದೇವರ ಕೆಲಸ ಬರುವುದಿಲ್ಲ, ನನ್ನ ಕೆಲಸ ಮಾಡುತ್ತೇನೆ ಅಂದಳು.

ಅಕ್ಕ ಫ್ಲಾಸ್ಕ್, ಟವೆಲ್ಲು, ಗಂಡನ ಕನ್ನಡಕದ ಡಬ್ಬಿ ಹಿಡಿದುಕೊಂಡು ಬಂದಳು. ನಾನು ಎಲ್ಲ ಹೇಳಿದೆ. ಅಳಲಿಲ್ಲ. ಐಸಿಯು ಬಾಗಿಲಿನ ಎದುರಿನ ಸ್ಟೀಲ್ ಬೆಂಚಿನ ಮೇಲೆ ಕೂತಳು. ಮಾರನೇ ದಿನ ಭಾವನ ಕಣ್ಣು ಅರಿಶಿನವಾಯಿತು. ಆಮೇಲೆ ಎಚ್ಚರ ತಪ್ಪಿತು. ಅಕ್ಕ ಬೆಂಚು ಬಿಟ್ಟು ಏಳಲಿಲ್ಲ. ಊಟ ತಂದುಕೊಟ್ಟರೆ ಪಕ್ಕಕ್ಕೆ ಸರಿಸುತ್ತಿದ್ದಳು. ಅವಳ ಮುಖ ನೋಡಿದಾಗಲೆಲ್ಲ ಒಳಗೆ ಮಲಗಿದ್ದವನನ್ನು ಎಬ್ಬಿಸಿ ಎರಡು ಬಾರಿಸಬೇಕು ಅನ್ನಿಸುತ್ತಿತ್ತು. ಅವನು ಬದುಕಲಿ ಅಂತ ನಾನು ಅಷ್ಟೊಂದು ಬೇಡಿಕೊಂಡದ್ದೂ ಅದಕ್ಕೇ ಇರಬೇಕು.

ಕಣ್ಣು ಅರಿಶಿನವಾದ ದಿನವೇ ಮಧ್ಯಾಹ್ನ ಪೊಲೀಸರಿಂದ ಸುದ್ದಿ ಬಂತು. ಕ್ಯಾಂಪಿನವರನ್ನೆಲ್ಲ ಹಿಡಿದು ಪರೀಕ್ಷೆ ಮಾಡಿಸಿದ್ದರು. ಬಾಣಲೆ ಚೆಲ್ಲಿದ್ದರಿಂದ ಯಾರೂ ತಿಂದಿರಲಿಲ್ಲ. ಗೂಳಿ ಎರಡು ಪಕ್ಕೆಲುಬು ಮುರಿದುಕೊಂಡು ಬೇರೊಂದು ಆಸ್ಪತ್ರೆಯಲ್ಲಿದ್ದ. ದಾರಿಯಣ್ಣ ಮಾತ್ರ ಪೊಲೀಸರ ಕಣ್ಣಿಗೆ ಮಣ್ಣೆರಚಿ ಮಾಯವಾಗಿದ್ದ.

ಮರುದಿನ ಅವನೇ ಬಂದ!

ಗಡ್ಡ ಬೋಳಿಸಿ, ಪ್ಯಾಂಟು ಷರ್ಟು ಹಾಕಿ, ಬೂಟು ಮೆಟ್ಟಿ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಪಕ್ಕ ಬಂದು ನಿಂತ. ಮತ್ತೆ ಫಿಲ್ಟರ್ ಮಾರುವವನ ಹಾಗೆ ಕಾಣುತ್ತಿದ್ದ. ಮೊಬೈಲ್ ತೋರಿಸಿದ. ಭಾವ ನಗುನಗುತ್ತಾ ಅಣಬೆ ತಿನ್ನುತ್ತಿರುವ ವಿಡಿಯೋ. ನನ್ನ ಸ್ವಂತ ಇಷ್ಟದಿಂದ ತಿನ್ನುತ್ತಿದ್ದೇನೆ ಅನ್ನುವ ಮಾತೂ ಅದರಲ್ಲಿತ್ತು.

"ಕಂಪ್ಲೇಂಟ್ ವಾಪಸ್ ತಗೋ," ಅಂದ. "ಇಲ್ಲದಿದ್ರೆ ಇದು ನಿನ್ನ ಭಾವನ ಆಫೀಸಿಗೆ ಹೋಗುತ್ತೆ. ಕೆಲಸ ಹೋಗುತ್ತೆ, ಪೆನ್ಷನ್ ಹೋಗುತ್ತೆ. ನಿಮ್ಮಕ್ಕ ಬೀದಿಗೆ ಬರ್ತಾಳೆ."

ನಾನು ಅವನ ಮುಖ ನೋಡುತ್ತಿದ್ದೆ. ಮುಖ ಫಳಫಳ ಹೊಳೆಯುತ್ತಿತ್ತು. ಎಲ್ಲೋ ನೋಡಿದ ಹೊಳಪು.

ನನಗೆ ಒಂದು ಕ್ಷಣ ಸುಮ್ಮನಿರಬೇಕು ಅನ್ನಿಸಿತು. ಹೂಂ ಅಂದು ಕಳಿಸಿಬಿಟ್ಟರೆ ಮುಗಿಯಿತು. ಅವನು ಎಲ್ಲೋ ಒಂದು ಲಾಡ್ಜಿನ ರೂಮಿನಲ್ಲಿ ಸಂತೋಷವಾಗಿ ಮಲಗುತ್ತಾನೆ, ಕಂಪ್ಲೇಂಟೂ ಬೇಡ, ಕೋರ್ಟೂ ಬೇಡ. ನಾನು ತುಟಿ ಬಿಗಿಹಿಡಿದು ಗೋಡೆ ನೋಡಿದೆ.

ಬೆಂಚಿನಿಂದ ಅಕ್ಕ ಎದ್ದು ಬಂದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನಪ್ಪಾ, ವಾಂತಿ ನಿಂತ್ಕೊಳ್ತಾ?"

ನಿಮಗೆ ಹೇಗೆ ಗೊತ್ತು ಅಂತ ಕೇಳಲು ಹೊರಟವನು ಅರ್ಧಕ್ಕೆ ನಿಂತ. ಈಗ ಚೆನ್ನಾಗಿದ್ದೇನೆ, ಬೆಳಿಗ್ಗೆ ಚೆನ್ನಾಗಿ ತಿಂಡಿ ತಿಂದೆ ಅಂತ ತಡವರಿಸಿದ. ಅಕ್ಕ ಬೆರಳೆತ್ತಿ ಐಸಿಯು ಬಾಗಿಲಿನ ಗಾಜು ತೋರಿಸಿದಳು. ಅವನು ಒಳಗೆ ನೋಡಿದ. ಹಳದಿಯಾಗಿ, ಮೂಗು ಬಾಯಿಗೆಲ್ಲ ಪೈಪು ಹಾಕಿಸಿಕೊಂಡು ಮಲಗಿದ ಭಾವನನ್ನು ನೋಡಿದ. ಆಮೇಲೆ ತನ್ನ ಎರಡೂ ಕೈ ಮುಂದೆ ಹಿಡಿದು ಉಗುರು ನೋಡಿಕೊಂಡ. ಮೊಬೈಲ್ ಕೆಳಗೆ ಬಿತ್ತು.

"ಡಾಕ್ಟ್ರೇ," ಅಂತ ಅಕ್ಕ ಕೂಗಿದಳು. "ಇಲ್ಲೊಬ್ಬ ಇದಾನೆ ನೋಡಿ."

ಅವನನ್ನು ಹಾಕಿದ್ದು ಭಾವನ ಪಕ್ಕದ ಬೆಡ್ಡಿಗೇ. ಡಾಕ್ಟರಮ್ಮ ಇಬ್ಬರಿಗೂ ಒಂದೇ ಥರ ಓಡಾಡಿದಳು. ಆದರೆ ಅವನು ಜಾಸ್ತಿ ತಿಂದಿದ್ದ, ಅಡಗಿಕೊಂಡು ಹೊತ್ತು ಕಳೆದಿದ್ದ. ವಾರ ಮುಗಿಯುವುದರೊಳಗೆ ಅವನ ಬೆಡ್ಡಿಗೆ ಹೊಸ ಬೆಡ್‌ಶೀಟ್ ಹಾಕಿದರು. ಹೆಣ ಕೇಳಿಕೊಂಡು ಅವನ ಕ್ಯಾಂಪಿನವರು ಒಬ್ಬರೂ ಬರಲಿಲ್ಲ. ಎಲ್ಲರೂ ಆಫೀಸಿಗೆ ಹೋಗುತ್ತಿದ್ದರು. ಟೀಚರ್ ಮಾತ್ರ ನನಗೆ ಫೋನ್ ಮಾಡಿ, ತನ್ನ ವಿಡಿಯೋ ಪೊಲೀಸರ ಹತ್ತಿರ ಇದೆಯಾ ಅಂತ ಪಿಸುದನಿಯಲ್ಲಿ ವಿಚಾರಿಸಿದಳು.

ಭಾವ ಬದುಕಿದ.

ಹೇಗೆ ಅಂತ ನನ್ನನ್ನು ಕೇಳಬೇಡಿ. ಡಾಕ್ಟರಮ್ಮನಿಗೂ ಆಶ್ಚರ್ಯ. ಸಂಖ್ಯೆ ಇಳಿಯಿತು, ಮೈಬಣ್ಣ ತಿಳಿಯಾಯಿತು, ಒಂದು ಬೆಳಿಗ್ಗೆ ಕಣ್ಣು ಬಿಟ್ಟ. ನಾನೂ ಅಕ್ಕನೂ ಒಳಗೆ ಹೋದೆವು. ಅಕ್ಕನ ಕೈಯಲ್ಲಿ ಅದೇ ಕನ್ನಡಕದ ಡಬ್ಬಿ. ಕೂದಲು ಕೆದರಿತ್ತು, ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಅವಳು ಡಬ್ಬಿ ತೆಗೆದು, ಕನ್ನಡಕ ಒರೆಸಿ, ಮೆಲ್ಲಗೆ ಗಂಡನ ಮೂಗಿನ ಮೇಲೆ ಇಟ್ಟಳು. ಅಷ್ಟು ದಿನ ತಡೆದುಕೊಂಡದ್ದು ಆಗ ಅವಳ ಕಣ್ಣಿನಿಂದ ಹರಿಯಿತು.

ಭಾವ ಕನ್ನಡಕದೊಳಗಿನಿಂದ ಅಕ್ಕನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದ. ತುಟಿ ಅಲ್ಲಾಡಿತು. ಬಗ್ಗಿ ಕಿವಿಗೊಟ್ಟೆ.

"ದಾರಿಯಣ್ಣ ಹೇಗಿದಾರೆ?"

"ಸತ್ತ, ಭಾವ. ಅದೇ ಅಣಬೆ ತಿಂದು. ಈ ಪಕ್ಕದ ಬೆಡ್ಡಲ್ಲೇ."

ಭಾವ ಪಕ್ಕದ ಖಾಲಿ ಬೆಡ್ಡನ್ನು ಬಹಳ ಹೊತ್ತು ನೋಡಿದ. ಆಮೇಲೆ ಸೂಜಿ ಚುಚ್ಚಿದ ಕೈಯನ್ನು ಕಷ್ಟಪಟ್ಟು ಎತ್ತಿ, ಇನ್ನೊಂದಕ್ಕೆ ಜೋಡಿಸಿ, ಆ ಬೆಡ್‌ಶೀಟಿಗೆ ಕೈಮುಗಿದ. ಮುಖದ ಮೇಲೆ ಮತ್ತೆ ಅದೇ ಅಗಲವಾದ ನಗು ಬಂತು.

"ಸತ್ತ ಅನ್ಬೇಡ. ಬಾಗಿಲು ತೆರೀತು ಅನ್ನು. ಅವರಿಗೆ ತೆರೀತು, ನನಗೇ ಯೋಗ್ಯತೆ ಸಾಲ್ಲಿಲ್ಲ."

ನಾನು ಅಕ್ಕನನ್ನು ನೋಡಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಡನ ಮೂಗಿನ ಮೇಲಿನಿಂದ ಕನ್ನಡಕ ತೆಗೆದು, ಮಡಚಿ, ಡಬ್ಬಿಗೆ ಹಾಕಿ ಟಪ್ ಅಂತ ಮುಚ್ಚಿದಳು.

"ತಮ್ಮಾ," ಅಂದಳು. "ಇವರನ್ನ ಎಲ್ಲಿಂದ ತಂದ್ಯೋ, ಅಲ್ಲೇ ವಾಪಸ್ ಬಿಟ್ಟು ಬಾ."